ತಿರುಗಿ ಕೊಡದ ಬುಟ್ಟಿ

ನಮ್ಮ ಅಡುಗೆಮನೆಯ ನಾಗೊಂದಿಗೆಯ ಮೇಲೆ, ಹಿತ್ತಾಳೆಯ ಕೊಪ್ಪರಿಗೆಯ ಹಿಂದೆ, ಒಂದು ಬಿದಿರಿನ ಬುಟ್ಟಿ ಇತ್ತು. ಅದು ನಮ್ಮ ಮನೆಯದಲ್ಲ. 2003ರಿಂದ ಅಲ್ಲಿಯೇ ಕುಳಿತಿತ್ತು. ಪರರ ಬುಟ್ಟಿಯನ್ನು ಇಷ್ಟು ವರ್ಷ ಇಟ್ಟುಕೊಂಡ ಮನೆ ತುಬಚಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ನಮ್ಮ ಕಡೆ ಬುಟ್ಟಿ ತಿರುಗಿ ಕೊಡಲೇಬೇಕು, ಅದನ್ನೂ ಬರಿದಾಗಿ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳ, ಒಂದು ಬೆಲ್ಲದ ಹರಳಾದರೂ ಹಾಕಿ ಕೊಡಬೇಕು. ಈ ಬುಟ್ಟಿ ಹೇಗೆ ಉಳಿಯಿತು ಎಂಬುದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಈಚೆಗೆ ದೀಪಾವಳಿ ಬಂತೆಂದರೆ ಜಮಖಂಡಿಯ ಪೇಟೆಯಲ್ಲಿ ಅಂಗಡಿಗಳ ಮುಂದೆ ಬುಟ್ಟಿಗಳ ಸಾಲು. ಮೇಲೆ ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ಹಾಳೆ, ಅದಕ್ಕೊಂದು ರಿಬ್ಬನ್ನಿನ ಹೂ, ಒಳಗೆ ಬಾದಾಮಿ, ಗೋಡಂಬಿ, ಚಾಕಲೇಟು. ಹಬ್ಬಕ್ಕೊಂದು, ಮದುವೆಗೊಂದು, ಕೂಸು ಹುಟ್ಟಿದ್ದಕ್ಕೊಂದು, ಬೇರೆ ಬೇರೆ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, "ಅವ್ವಾ, ಈಗ ಎಲ್ಲಾದಕ್ಕೂ ಥೀಮ್ ಅಂತ ಇರ್ತದ, ಆ ಥೀಮಿಗೆ ತಕ್ಕಂಗ ಬುಟ್ಟಿ ಜೋಡಿಸಿ ಕೊಡ್ತಾರ" ಎಂದಾಗ ನನಗೆ ನಗು ಬಂತು. ನನ್ನ ಅವ್ವ ಕಲಿತದ್ದು ಎರಡನೆಯ ಇಯತ್ತೆ. ಥೀಮ್ ಎಂಬ ಮಾತು ಕೇಳದೆಯೇ ಆಕೆ ಜೀವಮಾನವೆಲ್ಲ ಅದನ್ನೇ ಮಾಡಿದಳು.

ಬಾಣಂತಿಯ ಬುಟ್ಟಿ ಎಂದರೆ ಒಣಕೊಬ್ಬರಿ, ಉತ್ತತ್ತಿ, ಅಂಟು, ಅಳವಿ, ಗಸಗಸೆ, ಬೆಲ್ಲ, ತುಪ್ಪ. ಸೊಂಟಕ್ಕೆ ಬಲ ಬರುವಂಥದು, ಹಾಲು ಹೆಚ್ಚುವಂಥದು. ಕುಬಸದ ಬುಟ್ಟಿಯ ಬಣ್ಣ ಹಸಿರು: ಹಸಿರು ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ, ಉಡಿ ತುಂಬಲು ಅಕ್ಕಿ, ಅಡಿಕೆ, ಅರಿಸಿನ ಬೇರು, ಕೊಬ್ಬರಿ ಬಟ್ಟಲು. ಜೊತೆಗೆ ಬುತ್ತಿ: ಕಟಕ ರೊಟ್ಟಿ, ಹೋಳಿಗೆ, ಕರಿಗಡುಬು, ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಕಲಸಿದ ಅನ್ನ. ಬಸುರಿಯ ಬಾಯಿ ಏನು ಬೇಡುತ್ತದೆಂದು ಬಲ್ಲವರು ಕಟ್ಟಿದ್ದು ಅದು. ಎಲ್ಲಕ್ಕೂ ದೊಡ್ಡದು ಪಂಚಮಿಯ ಬುಟ್ಟಿ. ಶ್ರಾವಣದ ನಾಗರ ಪಂಚಮಿಗೆ ತವರಿಗೆ ಬಂದ ಮಗಳು ತಿರುಗಿ ಹೋಗುವಾಗ ಉಂಡಿಯ ಬುಟ್ಟಿ ಹೊತ್ತು ಹೋಗಬೇಕು. ಬರಲಾಗದವಳಿಗೆ ಅಣ್ಣನೋ ತಮ್ಮನೋ ಒಯ್ದು ಮುಟ್ಟಿಸಬೇಕು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಗುಳ್ಳಡಕಿ ಉಂಡಿ, ತಂಬಿಟ್ಟು, ಚಕ್ಕುಲಿ, ಅರಳು.

ಅವ್ವ ಅದನ್ನು ಜೋಡಿಸುವುದನ್ನು ನೋಡಬೇಕಿತ್ತು. ಮೇದಾರರಿಂದ ಬುಟ್ಟಿ ಕೊಂಡು, ನೆನೆಸಿದ ಕಾಗದ ಮತ್ತು ಮೆಂತ್ಯ ರುಬ್ಬಿ ಒಳಹೊರಗೆ ಬಳಿದು, ಬಿಸಿಲಿಗೆ ಒಣಗಿಸಿ ಇಟ್ಟಿರುತ್ತಿದ್ದಳು. ತಳಕ್ಕೆ ಹಳೆಯ ಧೋತರದ ಅರಿವೆ, ಗಟ್ಟಿ ಇದ್ದ ಉಂಡಿ ಕೆಳಗೆ, ಮುಟ್ಟಿದರೆ ಉದುರುವ ಬೇಸನ್ ಉಂಡಿ ಮೇಲೆ, ಚಕ್ಕುಲಿ ಅಂಚಿಗೆ. ಇವೆಲ್ಲ ಬೀರಲಿಕ್ಕೆ, ಅಂದರೆ ಮಗಳ ಓಣಿಯಲ್ಲಿ ಮನೆಮನೆಗೆ ಹಂಚಲಿಕ್ಕೆ. ತಳದಲ್ಲಿ, ಅರಿವೆಯ ಕೆಳಗೆ, ಮಗಳಿಗಷ್ಟೇ ಗೊತ್ತಿರುವ ಒಂದು ಪುಡಿಕೆ: ಅಮೀನಗಡದ ಕರದಂಟಿನ ಎರಡು ತುಂಡೋ, ಮಡಚಿದ ಹತ್ತು ರೂಪಾಯಿಯೋ. ಅತ್ತೆಯ ಮನೆಯ ಲೆಕ್ಕಕ್ಕೆ ಸಿಗದ ಆ ಪುಡಿಕೆಯೇ ನಿಜವಾದ ಕೊಡುಗೆ, ಉಳಿದದ್ದೆಲ್ಲ ಓಣಿಗೆ ತೋರಿಸಲಿಕ್ಕೆ ಎಂದು ನನಗೆ ಆಗ ಅನಿಸುತ್ತಿತ್ತು.

1991ರಲ್ಲಿ ನಾನು ಮದುವೆಯಾಗಿ ಮುಧೋಳ ಕಡೆಯಿಂದ ತುಬಚಿಗೆ ಬಂದೆ. ಬಿ.ಎ., ಬಿ.ಎಡ್. ಮುಗಿಸಿದ ಸೊಕ್ಕು ತಲೆಯಲ್ಲಿತ್ತು. ಮದುವೆಯ ಮರುದಿನ ಅವ್ವ ಇನ್ನೂರು ಪುಟದ ಒಂದು ವಹಿ ಹಿಡಿದು ಕುಳಿತು, ಯಾರ ಮನೆಯಿಂದ ಯಾವ ಆಯೇರಿ ಬಂತೆಂದು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ಇಂಥವರದು ಒಂದು ಖಣ, ಇಂಥವರದು ಸ್ಟೀಲಿನ ತಂಬಿಗೆ, ಇಂಥವರದು ಹನ್ನೊಂದು ರೂಪಾಯಿ. "ಪ್ರೀತಿಲೆ ಕೊಟ್ಟದ್ದಕ್ಕ ಲೆಕ್ಕ ಯಾಕಬೇ?" ಎಂದೆ. "ಮುಯ್ಯಿ ತಿರಗಸಬೇಕಲ್ಲ" ಎಂದಳು, ತಲೆ ಎತ್ತದೆ.

ಮುಯ್ಯಿ ಎಂಬ ಮಾತು ನೋಡಿರಿ. ಮದುವೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ. ಹೊಡೆದವನಿಗೆ ತಿರುಗಿ ಹೊಡೆದರೆ ಅದೂ ಮುಯ್ಯಿ ತೀರಿಸಿಕೊಂಡದ್ದು. ಒಬ್ಬರ ಹೊಲದ ದುಡಿತವನ್ನು ಇನ್ನೊಬ್ಬರ ಹೊಲದಲ್ಲಿ ದುಡಿದು ತೀರಿಸುವವನು ಮುಯ್ಯಾಳು. ಉಪಕಾರಕ್ಕೂ ಹಗೆಗೂ ನಮ್ಮ ಹಿರಿಯರು ಒಂದೇ ಮಾತು ಇಟ್ಟುಕೊಂಡರು. ಜರ್ಮನರದು ಇನ್ನೂ ವಿಚಿತ್ರ: ಇಂಗ್ಲಿಷಿನಲ್ಲಿ ಉಡುಗೊರೆಯಾದ ಗಿಫ್ಟ್ ಎಂಬ ಶಬ್ದಕ್ಕೆ ಅವರ ಭಾಷೆಯಲ್ಲಿ ವಿಷವೆಂದು ಅರ್ಥ. ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ವಿದ್ವಾಂಸ 1925ರಲ್ಲಿ ಉಡುಗೊರೆಯ ಮೇಲೆಯೇ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದ. ಕೊಡುವುದು, ಕೊಟ್ಟದ್ದನ್ನು ಸ್ವೀಕರಿಸುವುದು, ತಿರುಗಿ ಕೊಡುವುದು, ಈ ಮೂರೂ ಕಟ್ಟುಪಾಡುಗಳೇ. ಮನಸ್ಸಿಗೆ ಬಂದಂತೆ ಕೊಟ್ಟದ್ದೆಂದು ಕಾಣುವುದರ ಹಿಂದೆ ಹೊಣೆ ಇದೆ ಎಂಬುದು ಅವನ ವಾದ. ಅವ್ವನಿಗೆ ಓದಿ ಹೇಳಿದ್ದರೆ, "ಇದಕ್ಕ ಪುಸ್ತಕ ಯಾಕ ಬೇಕಾತು?" ಅನ್ನುತ್ತಿದ್ದಳು. ಸರಕಾರಕ್ಕೂ ವಹಿ ಬೇಕು. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಅದರಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧುವರರಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು. ಪ್ರೀತಿಯ ಹೆಸರಿನಲ್ಲಿ ಏನೆಲ್ಲ ವಸೂಲಾಗುತ್ತದೆ ಎಂಬುದು ಕಾನೂನು ಮಾಡಿದವರಿಗೆ ಗೊತ್ತಿತ್ತು.

ನಾನು ಮಾತ್ರ ಆ ಕಾಲಕ್ಕೆ ಮೇದಾರ ಕೇತಯ್ಯನ ಪಕ್ಷ. ಹನ್ನೆರಡನೆಯ ಶತಮಾನದ ಆ ಶರಣ ಬಿದಿರು ಸೀಳಿ ಬುಟ್ಟಿ, ಮೊರ ಹೆಣೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದ. ದಾನದಲ್ಲಿ ಕೊಟ್ಟವನು ಮೇಲೆ, ಪಡೆದವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ಆಳು. ತಿರುಗಿ ಬರುವ ಮಾತೇ ಇಲ್ಲ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಇದನ್ನು ವರ್ಗದಲ್ಲಿ ಹೇಳುವಾಗ ದನಿ ತಾನಾಗಿ ಏರುತ್ತಿತ್ತು. ಲೆಕ್ಕವಿದ್ದಲ್ಲಿ ಕೊಡುಗೆ ಇಲ್ಲವೆಂದು ಕರಿಹಲಗೆಯ ಮೇಲೆ ಬರೆಯುವಷ್ಟು ಖಾತ್ರಿ ಇತ್ತು.

ಹಾಗೆ ಬರೆಯಬಲ್ಲವಳು ಮನೆಯಲ್ಲಿ ಏನು ಮಾಡಿದಳು ಕೇಳಿರಿ. 2003, ಬರದ ವರ್ಷ. ನನ್ನ ನೆಗೆಣ್ಣಿ ಬಸುರಿ. ಆಕೆಯ ತವರು ಬಿಳಗಿ ತಾಲೂಕಿನಲ್ಲಿ, ಮಳೆಯನ್ನೇ ನಂಬಿದ ಹೊಲ. ಕುಬಸಕ್ಕೆ ಆಕೆಯ ಅವ್ವ ಒಂದೇ ಬುಟ್ಟಿ ಹೊತ್ತು, ಎರಡು ಬಸ್ಸು ಬದಲಿಸಿ ಬಂದಳು. ನಮಗೆ ಬುತ್ತಿ ಬೀರಲು ನಲವತ್ತು ಮನೆ. ನಾನು ಹಿರಿಸೊಸೆ, ಬುಟ್ಟಿ ಇಳಿಸಲು ಕೈ ಹಚ್ಚಿದೆ. ಕೈಗೆ ಭಾರ ಹತ್ತಲಿಲ್ಲ. "ಬುಟ್ಟಿ ಭಾಳ ಹಗರ ಐತಲ್ಲ" ಎಂದೆ. ನಗುತ್ತಲೇ ಎಂದೆ. ಅದೇ ಕೆಟ್ಟದ್ದು, ಏಕೆಂದರೆ ನೆರೆದ ಹೆಂಗಸರೂ ನಕ್ಕರು. ಆಕೆ ಏನೂ ಆಡಲಿಲ್ಲ. ಮಗಳಿಗೆ ಉಡಿ ತುಂಬಿದಳು, ಪಂಕ್ತಿಯಲ್ಲಿ ಕುಳಿತು ಎರಡು ತುತ್ತು ಉಂಡಳು, ಸಂಜೆಯ ಬಸ್ಸಿಗೆ ಹೊರಟಳು. ಬುಟ್ಟಿ ತೊಗೊಂಡು ಹೋಗ್ರಿ ಎಂದು ಹಿಂದೆ ಹೋದರೆ, "ಇರಲಿ ಬಿಡವಾ, ಹಗರ ಬುಟ್ಟಿ" ಎಂದಳು.

ಅವ್ವನ ವಹಿಯನ್ನು ಜರಿದ ನಾನು ಕೈಯನ್ನೇ ತಕ್ಕಡಿ ಮಾಡಿದ್ದೆ. ಕ್ಷಮೆ ಕೇಳಲಿಲ್ಲ. ಕೇಳಿದರೆ ಆಡಿದ ಮಾತನ್ನು ಇನ್ನೊಮ್ಮೆ ಆಡಿದಂತಾಗುತ್ತದೆ ಎಂಬ ನೆಪ ಸಿಕ್ಕಿತ್ತು. ಒಳ್ಳೆಯ ನೆಪ, ಇಪ್ಪತ್ತು ವರ್ಷದ ಮೇಲೂ ಬಾಳಿಕೆ ಬಂತು.

ಬುಟ್ಟಿಯ ಬಗ್ಗೆ ನನ್ನ ತಿಳುವಳಿಕೆ ತಲೆಕೆಳಗಾದದ್ದು 2019ರ ಆಗಸ್ಟಿನಲ್ಲಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು ಕೃಷ್ಣೆ ದಂಡೆ ದಾಟಿದಳು. ಆ ವರ್ಷ ನಾಗರ ಪಂಚಮಿ ಆಗಸ್ಟ್ 5, ಸೋಮವಾರ. ಜಮಖಂಡಿ ತಾಲೂಕಿನ ಹೊಳೆಸಾಲಿನ ಮನೆಗಳಲ್ಲಿ ಉಂಡಿ ಕಟ್ಟಿ ಇಟ್ಟವರು ಅವನ್ನು ಅಲ್ಲೇ ಬಿಟ್ಟು, ಮಕ್ಕಳು ಮರಿ, ದನಕರು ಹಿಡಿದುಕೊಂಡು ಎತ್ತರಕ್ಕೆ ಬಂದರು. ಒಂದು ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿ ನಾನೂ ಕೆಲಸಕ್ಕಿದ್ದೆ. ಎರಡು ಮೂರು ದಿನಗಳಲ್ಲಿ ಟೆಂಪೋಗಳು ಬರತೊಡಗಿದವು. ನೆರೆ ಕಾಣದ ಊರುಗಳ ಹೆಂಗಸರು ರಾತ್ರಿಯೆಲ್ಲ ಬಡಿದ ರೊಟ್ಟಿಗಳು, ಅರಿವೆಯ ಗಂಟುಗಳಲ್ಲಿ. ಶೇಂಗಾ ಹಿಂಡಿ, ಕೆಂಪು ಖಾರ, ಬಿಸ್ಕೀಟು, ಚಾದರ. ಇನ್ನೊಂದು ಬಗೆಯ ಗಂಟುಗಳೂ ಬಂದವು: ಗುಂಡಿ ಕಿತ್ತ ಅಂಗಿ, ಬಣ್ಣ ಹೋದ ಸೀರೆ, ಜೋಡಿಯಿಲ್ಲದ ಕಾಲುಚೀಲ. ಅವು ಪಡಸಾಲೆಯ ಮೂಲೆಯಲ್ಲಿ ಗುಂಪೆಯಾಗಿ ಬಿದ್ದವು. ಉಟ್ಟ ಸೀರೆಯಲ್ಲೇ ಬಂದವರೂ ಮುಟ್ಟಲಿಲ್ಲ. ಒಬ್ಬ ಮುದುಕಿ ಅವನ್ನು ಕಾಲಿನಿಂದ ಸರಿಸಿ, "ಇದು ಕೊಟ್ಟದ್ದಲ್ಲರಿ ಅಕ್ಕೋರ, ಚೆಲ್ಲಿದ್ದು" ಎಂದಳು.

ಆ ಗಂಟುಗಳ ನಡುವೆ ಒಂದು ಬುಟ್ಟಿ. ಬಿದಿರಿನದಲ್ಲ, ಪ್ಲಾಸ್ಟಿಕ್ಕಿನದು, ಬಾಯಿಗೆ ಹೊಸ ಟವೆಲ್ಲು ಕಟ್ಟಿತ್ತು. ಬಿಚ್ಚಿದೆ. ಕೆಳಗೆ ಶೇಂಗಾ ಉಂಡಿ, ಮೇಲೆ ಬೇಸನ್ ಉಂಡಿ, ಅಂಚಿಗೆ ಚಕ್ಕುಲಿ. ಒಂದು ಖಣ, ಒಂದು ಡಜನ್ ಹಸಿರು ಬಳೆ, ಕುಂಕುಮದ ಪೊಟ್ಟಣ. ತಳದಲ್ಲಿ, ಹಾಸಿದ ಕಾಗದದ ಕೆಳಗೆ, ಮಡಚಿದ ನೂರು ರೂಪಾಯಿಯ ನೋಟು. ಹೆಸರಿಲ್ಲ, ಊರಿಲ್ಲ. ಎಲ್ಲಿಯವಳೋ ಒಬ್ಬ ತಾಯಿ ಮುಖ ಕಾಣದ ಮಗಳಿಗೆ ಪಂಚಮಿಯ ಬುಟ್ಟಿ ಕಟ್ಟಿದ್ದಳು.

ಅದನ್ನು ಒಬ್ಬ ಹರೆಯದ ಹೆಣ್ಣುಮಗಳಿಗೆ ಕೊಟ್ಟೆ. ಅವಳ ತವರೂ ಆಚೆ ದಂಡೆಯಲ್ಲಿ ನೀರಿನಲ್ಲಿತ್ತು, ಅಣ್ಣ ಬರುವಂತಿರ‍ಲಿಲ್ಲ. ಬಳೆಗಳನ್ನು ಉಡಿಯಲ್ಲಿಟ್ಟುಕೊಂಡು ತುಸು ಹೊತ್ತು ಕುಳಿತು ಕೇಳಿದಳು: "ಅಕ್ಕೋರ, ಇದು ಯಾರ ಮನಿಯಿಂದ ಬಂದೈತ್ರಿ?" ಗೊತ್ತಿಲ್ಲ ಎಂದೆ. "ಹಂಗಂದ್ರ ಹೆಂಗ್ರಿ? ನಾ ಮುಯ್ಯಿ ಯಾರಿಗೆ ತಿರಗಸಲಿ?" ತಿರುಗಿಸುವುದೇನೂ ಬೇಕಿಲ್ಲ, ಇದು ಸಹಾಯ ಎಂದು ಹೇಳಿದೆ. ಅವಳ ಮುಖ ಸಣ್ಣದಾಯಿತು. ಆಡಬಾರದ ಮಾತು ಆಡಿದೆನೆಂದು ಆಗಲೇ ತಿಳಿಯಿತು. ಅಂದೇ ಸಂಜೆ ಅವಳು ಅರ್ಧ ಉಂಡಿಗಳನ್ನು ಆ ಕೋಣೆಯಲ್ಲಿದ್ದ ಎಲ್ಲರಿಗೂ ಬೀರಿದಳು. ನನಗೂ ಒಂದು.

ಆ ಉಂಡಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತೆ. ತಿರುಗಿಸುವ ಹಕ್ಕನ್ನು ಕಸಿದುಕೊಂಡು ಕೊಟ್ಟರೆ ಪಡೆದವರಿಗೆ ಉಳಿಯುವುದೇನು? ಕೊಡುಗೆಯ ಶತ್ರು ಎಂದು ನಾನು ತಿಳಿದಿದ್ದ ಮುಯ್ಯಿ ಇಲ್ಲದವರ ಮನೆಯಲ್ಲಿ ಮಾನದ ಊರುಗೋಲಾಗಿತ್ತು. ಇವತ್ತು ನಿಮ್ಮದು ನಮ್ಮ ಮನೆಗೆ ಬಂದಿದೆ, ನಾಳೆ ನಮ್ಮದು ನಿಮ್ಮ ಮನೆಗೆ ಬರುತ್ತದೆ ಎನ್ನುವವರು ಬೇಡುವವರಲ್ಲ. ದಾಸೋಹ ನಡೆಸಿದ ಶರಣರೂ ಉಣ್ಣಲು ಬಂದವನನ್ನು ಕೈ ಚಾಚಿದವನೆಂದು ನೋಡಲಿಲ್ಲ. ನಾನು ಆ ಅರ್ಧವನ್ನು ಬಿಟ್ಟು, ತಿರುಗಿ ಬಯಸದ ದೊಡ್ಡಸ್ತಿಕೆಯನ್ನಷ್ಟೇ ಪಾಠ ಮಾಡಿದ್ದೆ.

ಅವ್ವ ತೀರಿಕೊಂಡ ಮೇಲೆ ಆ ವಹಿ ನನ್ನ ಪಾಲಿಗೆ ಬಂದಿತ್ತು. ನೆರೆ ಇಳಿದ ಮೇಲೆ ಒಂದು ರವಿವಾರ ತೆಗೆದು ಓದಿದೆ. ಮೊದಲ ಪುಟದಿಂದ ಕೊನೆಯವರೆಗೆ ಬಂದದ್ದಷ್ಟೇ ಇದೆ. ತಾನು ಯಾರಿಗೆ ಏನು ಕೊಟ್ಟೆನೆಂಬುದು ಒಂದು ಸಾಲೂ ಇಲ್ಲ. ತಿರುಗಿಸಿದ ಮೇಲೆ ಎದುರಿಗೆ ಒಂದು ಗೀಟು. ಎರಡು ಕಡೆ ಗೀಟಿಲ್ಲ. ಆ ಮನೆಯವರು ಊರು ಬಿಟ್ಟಿರಬೇಕು. ಹೀಗೆಂದು ವಹಿಗಳೆಲ್ಲ ಒಳ್ಳೆಯವೆಂದು ನಾನು ಹೇಳಲಾರೆ. ಇಂಥದೇ ವಹಿ ಹಿಡಿದು ಸೊಸೆಯನ್ನು ಚುಚ್ಚಿದ ಮನೆಗಳನ್ನು ಬಲ್ಲೆ, ಮುಯ್ಯಿಗಾಗಿ ಸಾಲ ತೆಗೆದವರನ್ನು ಬಲ್ಲೆ, ಪಂಚಮಿ ಹತ್ತಿರ ಬಂತೆಂದರೆ ಮುಖ ಮರೆಸುವ ಅಣ್ಣತಮ್ಮಂದಿರನ್ನೂ ಬಲ್ಲೆ. ತಾನು ಯಾರಿಗೆ ಋಣಿ ಎಂದು ಬರೆದುಕೊಳ್ಳುವ ಲೆಕ್ಕ ಬೇರೆ, ಇತರರು ತನಗೆಷ್ಟು ತರಬೇಕಿತ್ತು ಎಂದು ತೂಗುವ ಲೆಕ್ಕ ಬೇರೆ. ಆದರೆ ಎರಡೂ ಒಂದೇ ಕೈಯಿಂದ ಬರೆಯಲ್ಪಡುತ್ತವೆ, ಬರೆಯುವವರಿಗೇ ಎಷ್ಟೋ ಸಲ ವ್ಯತ್ಯಾಸ ತಿಳಿಯುವುದಿಲ್ಲ. ಅಂಗಡಿಯ ಬುಟ್ಟಿಯಾದರೆ ಬೆಲೆಯ ಚೀಟಿಯೇ ತೂಕ ಹೇಳಿಬಿಡುತ್ತದೆ. "ಚೀಟಿ ಕಿತ್ತು ಕೊಡ್ತಾರವ್ವಾ" ಎನ್ನುತ್ತಾಳೆ ಮಗಳು.

ಈ ಸಲ ಪಂಚಮಿಗೆ ನಾಲ್ಕು ದಿನ ಮೊದಲು ಆ ಬುಟ್ಟಿ ಇಳಿಸಿದೆ. ಬಿದಿರನ್ನು ಎರಡು ಕಡೆ ಹುಳು ತಿಂದಿತ್ತು. ಕಾಗದ ನೆನೆಹಾಕಿ, ಮೆಂತ್ಯ ರುಬ್ಬಿ ಬಳಿದೆ. ಅವ್ವನ ಹದ ಬರಲಿಲ್ಲ, ಒಂದು ಬದಿಗೆ ಬಿರುಕು ಬಿಟ್ಟಿತು. ಮಹಾಲಿಂಗಪುರದ ಬೆಲ್ಲ ತರಿಸಿ ಶೇಂಗಾ ಉಂಡಿ ಕಟ್ಟಲು ಕುಳಿತೆ. ನೆಗೆಣ್ಣಿ ಬುಟ್ಟಿಯ ಗುರುತು ಹಿಡಿದಳು, ಏನೂ ಕೇಳಲಿಲ್ಲ. ತುಸು ಹೊತ್ತಿನ ಮೇಲೆ ಬಂದು ತಾನೂ ಕುಳಿತಳು. "ಅವ್ವಗ ಈಗ ಹಲ್ಲಿಲ್ಲಕ್ಕ, ತಂಬಿಟ್ಟು ಮೆತ್ತಗ ಮಾಡ್ರಿ" ಎಂದಳು, ಅಷ್ಟೇ.

ಎಷ್ಟು ತುಂಬಬೇಕೆಂಬುದೇ ತಿಳಿಯದಾಯಿತು. ತೀರ ಭಾರ ಮಾಡಿದರೆ ಹಳೆಯ ಮಾತಿಗೆ ಜವಾಬು ಕೊಟ್ಟಂತೆ. ಹಗುರ ಮಾಡಿದರೆ ಅಣಕಿಸಿದಂತೆ. ಎರಡು ಸಲ ತುಂಬಿ, ಎರಡು ಸಲ ತೆಗೆದೆವು. ಹೊರಗೆ ನೆಗೆಣ್ಣಿಯ ಮಗ, ಆ ಕುಬಸದ ಕೂಸು, ಗಾಡಿ ಚಾಲೂ ಮಾಡಿಕೊಂಡು "ಲಗೂ ಕೊಡ್ರಿ ದೊಡ್ಡವ್ವ, ಮಳಿ ಬರ್ತೈತಿ" ಎಂದು ಕೂಗುತ್ತಿದ್ದ. ಇದ್ದಷ್ಟಕ್ಕೆ ಅರಿವೆ ಕಟ್ಟಿ ಕೊಟ್ಟೆ. ಅವನು ಒಂದು ಕೈಯಿಂದ ಎತ್ತಿ ನೋಡಿದ. ಏನನ್ನುತ್ತಾನೋ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಏನೂ ಅನ್ನದೆ ಅದನ್ನು ಮುಂದಿಟ್ಟುಕೊಂಡು ಹೊರಟುಹೋದ.