ಏನೂ ಆಗಲಿಲ್ಲವಲ್ಲ!

ಕಾರು ತಗೊಳ್ಳುವಾಗ ಮೇಲೆ ಗಾಜಿನ ಕಿಂಡಿ ಬೇಕೋ ಬೇಡವೋ ಅಂತ ನಮ್ಮನೇಲಿ ಒಂದು ವಾರ ಚರ್ಚೆ ನಡೀತು. ನಮ್ಮ ಕಡೆ ಎಲ್ಲರೂ ಸನ್‌ರೂಫ್ ಅಂತಾರೆ. ಗಾಜಿನದಾದರೆ ಮೂನ್‌ರೂಫ್ ಅಂತಲೂ ಹೆಸರಿದೆ. ಬೇಡ ಅನ್ನೋಕೆ ಕಾರಣ ಬೇಕಾದಷ್ಟಿದ್ವು. ದುಡ್ಡು ಜಾಸ್ತಿ. ಏಪ್ರಿಲ್ ಬಿಸಿಲಲ್ಲಿ ತರೀಕೆರೆಗೆ ಹೋಗಿಬಂದರೆ ನೆತ್ತಿ ಕಾಯುತ್ತೆ. ಮರದಡಿ ನಿಲ್ಲಿಸಿದರೆ ಎಲೆ, ಕಸ ಸೇರಿ ನೀರು ಹರಿಯೋ ಸಣ್ಣ ಕೊಳವೆ ಕಟ್ಟಿಕೊಂಡು ಮಳೆಗಾಲದಲ್ಲಿ ಸೀಟಿನ ಮೇಲೆ ತೊಟ್ಟಿಕ್ಕುತ್ತೆ. ಬೇಕು ಅನ್ನೋಕೆ ಇದ್ದದ್ದು ಒಂದೇ ಕಾರಣ, ಅಕ್ಕನ ಮಗಳಿಗೆ ಕೂತಲ್ಲಿಂದಲೇ ಆಕಾಶ ನೋಡಬೇಕಿತ್ತು. ಅವಳೇ ಗೆದ್ದಳು.

2025ರ ಬೇಸಿಗೆ ರಜೆಯಲ್ಲಿ ಎಲ್ಲರೂ ಕೆಮ್ಮಣ್ಣುಗುಂಡಿಗೆ ಹೊರಟೆವು. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ದಾರಿ ಹಿಡಿದಿದ್ದೇ ತಡ, "ಮಾವ, ಎದ್ದು ನಿಂತ್ಕೊಳ್ಲಾ?" ಅಂದಳು. ಅಕ್ಕ ನನ್ನ ಮುಖ ನೋಡಿದಳು. "ನಿಂತ್ಕೊಳ್ಲಿ ಬಿಡು, ಏನೂ ಆಗಲ್ಲ" ಅಂದೆ. ತಲೆ ಹೊರಗೆ ಹಾಕಿ ಮಗು ಕಿರುಚಿದ ಖುಷಿ ಇನ್ನೂ ಕಿವಿಯಲ್ಲಿದೆ. ಹೇಳಿದ ಹಾಗೇ ಏನೂ ಆಗಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಸನ್‌ರೂಫಿನಿಂದ ಹೊರಗೆ ನಿಂತಿದ್ದ ಹುಡುಗನ ತಲೆಗೆ, ಎತ್ತರದ ವಾಹನ ತಡೆಯೋಕೆ ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣದ ತೊಲೆ ಬಡಿದಿತ್ತು. "ಓಡಿಸ್ತಿದ್ದೋನಿಗೆ ಬುದ್ಧಿ ಬೇಡ್ವಾ?" ಅಂತ ನಾನೂ ಬೈಯೋಕೆ ಶುರು ಮಾಡಿದೆ. ಅರ್ಧದಲ್ಲೇ ಬಾಯಿ ಕಟ್ಟಿತು. ಅವನು ಮಾಡಿದ್ದನ್ನೇ ಅಲ್ಲವೇ ನಾನೂ ಮಾಡಿದ್ದು? ನಮ್ಮಿಬ್ಬರ ನಡುವಿನ ವ್ಯತ್ಯಾಸ ಒಂದು ತೊಲೆ ಮಾತ್ರ. ನನ್ನ ದಾರಿಯಲ್ಲಿ ಅದು ಇರಲಿಲ್ಲ.

ಏನಾಯಿತು ಅನ್ನೋದನ್ನ ನೋಡಿ ಒಬ್ಬನನ್ನ ಪಾಪಿ, ಇನ್ನೊಬ್ಬನನ್ನ ಒಳ್ಳೇ ಮಾವ ಅಂತೀವಿ. ಕಾನೂನು ಇಲ್ಲಿ ನಮಗಿಂತ ನೇರ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಹಾಕಿಸದೆ ಗಾಡಿ ಓಡಿಸಿದವನಿಗೆ 1000 ರೂಪಾಯಿ ದಂಡ ಅನ್ನುತ್ತೆ. ಪೆಟ್ಟಾಯಿತಾ ಇಲ್ಲವಾ ಅಂತ ಕೇಳೋದಿಲ್ಲ.

ಹಾಗಂತ ಮಕ್ಕಳನ್ನ ಹತ್ತಿಯಲ್ಲಿ ಸುತ್ತಿಡಬೇಕಾ? ಖಂಡಿತ ಬೇಡ. ಹಿತ್ತಲ ಸೀಬೆಮರ ಹತ್ತಲಿ, ಬಿದ್ದು ಮಂಡಿ ತರಚಿಕೊಳ್ಳಲಿ. ಅಲ್ಲಿ ಕೊಂಬೆ ಹಿಡಿದಿರೋದು ಅವಳ ಕೈ, ಸಾಕು ಅನ್ನಿಸಿದರೆ ಇಳಿಯೋದು ಅವಳ ಇಷ್ಟ. ಕಾರಿನಲ್ಲಿ ವೇಗ ನನ್ನದು, ಬ್ರೇಕ್ ನನ್ನದು. ಅವಳ ಹತ್ತಿರ ಇದ್ದದ್ದು ನನ್ನ ಮೇಲಿನ ನಂಬಿಕೆ ಮಾತ್ರ.

ದಸರಾ ರಜೆಯಲ್ಲಿ ಮತ್ತೆ ಅದೇ ದಾರಿ. ಈ ಸಲ ಬೇಡ ಅಂದೆ. "ಹೋದ್ಸಲ ಏನೂ ಆಗ್ಲಿಲ್ವಲ್ಲ ಮಾವ?"

"ಹೋದ್ಸಲ ಬಿಟ್ಟಿದ್ದೇ ನನ್ನ ತಪ್ಪು ಪುಟ್ಟಿ" ಅಂದೆ. ಕಲ್ಲತ್ತಿಗಿರಿ ಬರೋವರೆಗೂ ಮುಖ ಊದಿಸಿಕೊಂಡೇ ಕೂತಿದ್ದಳು, ಬೆಲ್ಟ್ ಹಾಕ್ಕೊಂಡು. ಆಮೇಲೆ ನಿಧಾನಕ್ಕೆ ತಲೆ ಎತ್ತಿ ಗಾಜಿನಾಚೆ ನೋಡತೊಡಗಿದಳು.

ಬೇಸಿಗೆಯಲ್ಲಿ ಅಕ್ಕ ತೆಗೆದ ಫೋಟೋ ಈಗ ಅವರ ಮನೆ ಗೋಡೆಯ ಮೇಲಿದೆ. ಬಂದವರೆಲ್ಲ "ಎಷ್ಟು ಚೆನ್ನಾಗಿದೆ!" ಅಂತಾರೆ. ಚೆನ್ನಾಗೇನೋ ಇದೆ. ಅದನ್ನ ಇಳಿಸು ಅಂತ ಅಕ್ಕನಿಗೆ ಹೇಳೋಕೆ ನನಗೆ ಇನ್ನೂ ಬಾಯಿ ಬಂದಿಲ್ಲ.