ಕಣ್ಣಿಲ್ಲದ ಕಾಲದ ಕಡಲು

ನೇತ್ರಾಣಿಗೆ ಮರಳಿನ ದಂಡೆಯೇ ಇಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಅರಬ್ಬಿ ಸಮುದ್ರದೊಳಗೆ ಹೋದರೆ ನೀರಿನಿಂದ ನೆಟ್ಟಗೆ ಎದ್ದ ಬಂಡೆ, ಬಂಡೆಯ ಮೇಲೆ ಕಾಡು, ಕಾಡಿನ ಮೇಲೆ ಸುತ್ತುವ ಬಿಳಿಹೊಟ್ಟೆಯ ಕಡಲ ಹದ್ದು. ಹಳೆಯ ನಕ್ಷೆಗಳಲ್ಲಿ ಅದು ಪಾರಿವಾಳ ದ್ವೀಪ. ನೌಕಾಪಡೆಯವರು ಗುರಿ ಹೊಡೆಯುವ ಅಭ್ಯಾಸಕ್ಕೂ ಅದನ್ನು ಬಳಸಿದ್ದಾರೆ. ದೋಣಿ ದ್ವೀಪಕ್ಕೆ ತಾಗುವುದಿಲ್ಲ. ಬಂಡೆಯಿಂದ ಒಂದಿಷ್ಟು ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತದೆ. ನೋಡಬೇಕಾದದ್ದು ಇರುವುದು ಕೆಳಗೆ.

ಕಲಬುರಗಿಯಿಂದ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಅದು. ನಳದ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಂದು ನೀರನ್ನು ಎಣಿಸಿ ಬಳಸುವ ಊರಿನವರಿಗೆ ಅಷ್ಟೊಂದು ನೀರನ್ನು ಕಂಡರೇ ಎದೆ ತುಂಬುತ್ತದೆ. 2022ರ ಅಕ್ಟೋಬರಿನಲ್ಲಿ ‘ಗಂಧದಗುಡಿ’ ತೆರೆಗೆ ಬಂದಾಗ, ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗೆ ಇಳಿದದ್ದನ್ನು ನಮ್ಮೂರಿನ ಎಷ್ಟೋ ಜನ ಕಣ್ಣೀರು ಒರೆಸಿಕೊಳ್ಳುತ್ತಲೇ ನೋಡಿದರು. ಕರ್ನಾಟಕದಲ್ಲಿ ಹವಳ ಇದೆ ಎಂಬುದು ಹಲವರಿಗೆ ತಿಳಿದದ್ದೇ ಆಗ.

ಸಿಲಿಂಡರ್ ಬೆನ್ನಿಗೇರಿಸಿ, ಮಾಸ್ಕ್ ಬಿಗಿದು, ರೆಗ್ಯುಲೇಟರ್ ಬಾಯಲ್ಲಿ ಕಚ್ಚಿ ನೀರಿಗೆ ಇಳಿದ ಮೊದಲ ಗಳಿಗೆಯಲ್ಲಿ ಮೈ ಪ್ರತಿಭಟಿಸುತ್ತದೆ. ನೀರೊಳಗೆ ಉಸಿರು ಎಳೆಯಬಾರದು ಎಂಬುದು ಬುದ್ಧಿ ಕಲಿತ ಪಾಠವಲ್ಲ, ಎದೆಗೂಡು ಕಲಿತದ್ದು. ಅದನ್ನು ದಾಟಿ ಮೊದಲ ಉಸಿರು ಬಂದಾಗ ನನಗಾದದ್ದು ಸಂತೋಷವಲ್ಲ, ಕೃತಜ್ಞತೆ. ಇಳಿದಂತೆ ಕಿವಿ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ಹತ್ತು ಮೀಟರ್ ಕೆಳಗೆ ಹೋದರೆ ಮೈಮೇಲಿನ ಒತ್ತಡ ಭೂಮಿಯ ಮೇಲಿನದಕ್ಕಿಂತ ಇಮ್ಮಡಿ. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ಬೇಗ ಓಡುವುದರಿಂದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು ಸುತ್ತಲೂ ಎದ್ದೇ ಇರುತ್ತದೆ. ಬಂಡೆಯ ಸಂದಿನಲ್ಲಿ ಕೂತ ಸಣ್ಣ ಸಿಗಡಿಗಳು ಚಿಮಟ ಬಡಿಯುವ ಸದ್ದಂತೆ ಅದು. ಸಮುದ್ರದೊಳಗೆ ಮೌನವಿದೆ ಎಂದು ಬರೆದವರು ಹವಳದ ಹತ್ತಿರ ಹೋಗಿರಲಿಕ್ಕಿಲ್ಲ.

ಬಣ್ಣ ಹೋಗುವುದೂ ಅಲ್ಲಿಯೇ. ಬೆಳಕಿನಲ್ಲಿರುವ ಕೆಂಪನ್ನು ನೀರು ಮೊದಲು ಹೀರಿಬಿಡುತ್ತದೆ. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹತ್ತು ಮೀಟರ್ ಆಳಕ್ಕೆ ಒಯ್ದರೆ ಅದು ಬರೀ ಕಂದುಗಪ್ಪು ಕಾಯಿ. ಕೈಯಲ್ಲಿರುವ ಟಾರ್ಚ್ ಹಚ್ಚಿದರೆ ಆ ಬೆಳಕು ಬಿದ್ದಷ್ಟು ಜಾಗದಲ್ಲಿ ಮಾತ್ರ ಕೆಂಪು ಮರಳಿ ಬರುತ್ತದೆ. ಮಂಕಾಗಿ ಕಂಡಿದ್ದ ಬಂಡೆಯ ಮೇಲೆ ಟಾರ್ಚ್ ಹರಿಸಿದಾಗ ಕಿತ್ತಳೆ, ಕೆಂಪು, ನೇರಳೆ ಒಮ್ಮೆಲೇ ಎದ್ದು ಬಂದವು. ಯಾರೂ ಬೆಳಕು ಹಿಡಿಯದಿದ್ದಾಗಲೂ ಅವು ಆ ಬಣ್ಣ ಹೊತ್ತುಕೊಂಡೇ ಇದ್ದವು ಎಂಬುದನ್ನು ನೆನೆದರೆ ಈಗಲೂ ಮನಸ್ಸು ನಿಂತುಬಿಡುತ್ತದೆ.

ಅಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಾನು ಕಂಡದ್ದಲ್ಲ, ನನ್ನನ್ನು ಕಂಡದ್ದು. ಬಂಡೆಯ ಬಿರುಕಿನಿಂದ ಹಾವುಮೀನು ತಲೆ ಹೊರಗೆ ಹಾಕಿ ದಿಟ್ಟಿಸಿತು. ಗಿಳಿಮೀನೊಂದು ಬಂಡೆ ಕಡಿಯುತ್ತಿದ್ದದ್ದನ್ನು ನಿಲ್ಲಿಸಿ ಒಂದೇ ಕಣ್ಣು ನನ್ನ ಕಡೆ ತಿರುಗಿಸಿತು. ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಕಡಿಯತೊಡಗಿತು. ಚಿಟ್ಟೆಮೀನುಗಳ ಜಾತಿಯಲ್ಲಿ ಕೆಲವಕ್ಕೆ ಬಾಲದ ಹತ್ತಿರ ಸುಳ್ಳು ಕಣ್ಣಿನ ಬೊಟ್ಟು ಇರುತ್ತದೆ, ನಿಜವಾದ ಕಣ್ಣು ಕಪ್ಪು ಪಟ್ಟೆಯಲ್ಲಿ ಅಡಗಿರುತ್ತದೆ. ನೋಡುವುದು ಮತ್ತು ನೋಡಿಸಿಕೊಳ್ಳುವುದು ಅಲ್ಲಿ ಜೀವನ್ಮರಣದ ವ್ಯವಹಾರ. ಬೇರೆ ಮೀನುಗಳ ಮೈಯ ಉಣ್ಣಿ ತಿಂದು ಬದುಕುವ ಬೆರಳುದ್ದದ ಶುಚಿಗಾರ ಮೀನೊಂದಿದೆ. ಅದು ಕನ್ನಡಿಯಲ್ಲಿ ತನ್ನನ್ನೇ ಗುರುತಿಸಿಕೊಂಡಂತೆ ನಡೆದುಕೊಳ್ಳುತ್ತದೆ ಎಂದು ಜಪಾನಿನ ಸಂಶೋಧಕರ ತಂಡವೊಂದು 2019ರಲ್ಲಿ ಪ್ರಕಟಿಸಿತು. ಮೈಗೆ ಹಚ್ಚಿದ ಬಣ್ಣದ ಗುರುತನ್ನು ಕನ್ನಡಿಯಲ್ಲಿ ಕಂಡು, ಅದನ್ನು ತೆಗೆಯಲು ಮೈ ಉಜ್ಜಿಕೊಂಡಿತಂತೆ. ಅದರ ಅರ್ಥವೇನು ಎಂಬ ವಾದ ನಡೆದೇ ಇದೆ. ನನಗಂತೂ ಆ ಸುದ್ದಿ ಓದಿದ ಮೇಲೆ ಮೀನಿನ ಕಣ್ಣು ಬರೀ ಕಣ್ಣಾಗಿ ಉಳಿಯಲಿಲ್ಲ.

ನೇತ್ರಾಣಿಯಿಂದ ಮರಳಿದ ಮೇಲೆ ನಾನು ಶಹಾಬಾದಿನ ಕಲ್ಲಿನ ಖಣಿಗೆ ಹೋಗಿದ್ದೆ. ಅಲ್ಲಿಯ ಫರ್ಸಿ ಕಲ್ಲು ಯಾರಿಗೆ ಗೊತ್ತಿಲ್ಲ? ನಮ್ಮ ಪಡಸಾಲೆ, ಅಡುಗೆಮನೆಯ ಕಟ್ಟೆ, ಬಚ್ಚಲು, ರೈಲ್ವೆ ಸ್ಟೇಷನ್ನಿನ ಬೆಂಚು, ಮಾಡಿನ ಹೊದಿಕೆ ಎಲ್ಲವೂ ಅದೇ. ಬೇಸಿಗೆಯ ಮಧ್ಯಾಹ್ನ ಚಾಪೆಯಿಲ್ಲದೆ ಅದರ ಮೇಲೆ ಮಲಗದ ಕಲಬುರಗಿಯ ಮಕ್ಕಳಿಲ್ಲ. ಖಣಿಯಲ್ಲಿ ಕೆಳಗೆ ನಿಂತು ನೋಡಿದರೆ ಗೋಡೆಯುದ್ದಕ್ಕೂ ಪದರು, ಪದರಿನ ಮೇಲೆ ಪದರು. ಬೂದಿ, ನೀಲಿ, ಅಲ್ಲಲ್ಲಿ ತುಸು ಗುಲಾಬಿ. ವಯಸ್ಸಾದವರೊಬ್ಬರು ಪದರಿನ ಅಂಚಿಗೆ ಉಳಿ ಹಿಡಿದು ಸಣ್ಣಗೆ ಬಡಿಯುತ್ತ ಸರಿಯುತ್ತಿದ್ದರು. ಪೆಟ್ಟಿನ ಸದ್ದು ಒಂದು ಕಡೆ ಬದಲಾಯಿತು. ಅಲ್ಲಿ ಉಳಿ ಬಿಟ್ಟು ಹಾರೆ ತೂರಿಸಿದರು. ಇಷ್ಟಗಲದ ಹಾಸು, ಎರಡು ಬೆರಳು ದಪ್ಪದ್ದು, ನುಣ್ಣಗೆ ಮೇಲೆದ್ದು ಬಂತು.

“ಪದರು ತಾನೇ ಬಿಡ್ತದ್ರಿ. ಎಲ್ಲಿ ಬಿಡ್ತದ ಅನ್ನೂದು ನಮಗ ಗುರ್ತ ಇರಬೇಕು, ಅಷ್ಟೇ” ಎಂದರು.

“ಕಾಕಾ, ಇದೆಲ್ಲ ಒಂದು ಕಾಲಕ್ಕ ಸಮುದ್ರ ಇತ್ತಂತ. ತಳದ ಕೆಸರು ಗಟ್ಟಿಯಾಗಿ ಹಿಂಗಾಗ್ಯದ” ಎಂದೆ.

ಅವರು ಆ ಹಾಸನ್ನು ಒಂದು ಗಳಿಗೆ ನೋಡಿದರು. “ಹಂಗಾದ್ರ ಮೀನಿಂದು ಗುರ್ತ ಒಂದರ ಕಾಣಬೇಕಿತ್ತಲ್ರಿ? ಸಣ್ಣಾಂವ ಇದ್ದಾಗಿಂದ ಒಡೀಲಿಕತ್ತೀನಿ. ಒಂದೂ ಕಂಡಿಲ್ಲ.”

ಅವರ ಮಾತು ಅಕ್ಷರಶಃ ಸರಿ. ಒಂದೂ ಕಂಡಿಲ್ಲ, ಏಕೆಂದರೆ ಒಂದೂ ಇರಲಿಲ್ಲ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಭೂರಚನೆಯ ಬಗ್ಗೆ ಬರೆದ ಕಾಲದಿಂದ ಭೂವಿಜ್ಞಾನಿಗಳು ಭೀಮಾ ತೀರದ ಈ ಪದರುಗಳನ್ನು ಓದುತ್ತ ಬಂದಿದ್ದಾರೆ. ವಯಸ್ಸಿನ ಬಗ್ಗೆ ಲೆಕ್ಕಗಳು ಬೇರೆ ಬೇರೆ ಇವೆ, ಆದರೆ ಚಿಪ್ಪು, ಹವಳ, ಏಡಿ, ಮೀನು ಇವು ಹುಟ್ಟುವುದಕ್ಕಿಂತ ಮೊದಲಿನ ಸಮುದ್ರ ಇದು ಎಂಬ ಬಗ್ಗೆ ಬಹುತೇಕ ಒಮ್ಮತವಿದೆ. ಎಂದರೆ 54 ಕೋಟಿ ವರ್ಷಕ್ಕಿಂತಲೂ ಹಿಂದಿನದು. ಆಳವಿಲ್ಲದ ನೀರು. ಬಿಸಿಲು ತಳದವರೆಗೂ ಇಳಿದಿರಬೇಕು. ಸೂಕ್ಷ್ಮಜೀವಿಗಳಂಥ ಸರಳ ಜೀವಗಳ ಹೊರತು ಬೇರೆ ಯಾರೂ ಇಲ್ಲ. ನೀರಿನಲ್ಲಿ ಕರಗಿದ್ದ ಸುಣ್ಣ ಹಿಟ್ಟಿನಷ್ಟು ನಯವಾಗಿ ತಳಕ್ಕೆ ಇಳಿಯಿತು, ಇಳಿಯುತ್ತಲೇ ಹೋಯಿತು.

ಭೂಮಿಯ ಮೇಲೆ ಕಣ್ಣೆಂಬುದು ನಮಗೆ ಕಲ್ಲಿನಲ್ಲಿ ಚೆನ್ನಾಗಿ ಕಾಣಸಿಗುವುದು ಸುಮಾರು 52 ಕೋಟಿ ವರ್ಷಗಳ ಹಿಂದಿನಿಂದ, ಟ್ರೈಲೊಬೈಟ್ ಎಂಬ ಪ್ರಾಣಿಗಳ ತಲೆಯ ಮೇಲೆ. ಶಹಾಬಾದಿನ ಕಡಲು ಅದಕ್ಕೂ ಮೊದಲು ಬಂದು, ತುಂಬಿ, ಸರಿದುಹೋಗಿತ್ತು. ಅಲ್ಲಿ ಸಂಜೆಗಳಾಗಿವೆ. ತೆರೆಗಳ ಮೇಲೆ ಬೆಳದಿಂಗಳು ಬಿದ್ದಿದೆ. ನೀಲಿಯಿತ್ತೋ ಹಸಿರಿತ್ತೋ ಎಂದು ಕೇಳಿದರೆ ಹೇಳುವವರಿಲ್ಲ. ನೋಡುವವರಿಲ್ಲದ ಕಡೆ ಬಣ್ಣ ಎಂದರೇನು ಎಂದು ಕೇಳಿದರೂ ನನ್ನಲ್ಲಿ ಉತ್ತರವಿಲ್ಲ. ನೇತ್ರಾಣಿಯಲ್ಲಿ ಟಾರ್ಚ್ ಹಚ್ಚಿದಾಗ ಎದ್ದು ಬಂದ ಬಣ್ಣಗಳನ್ನು ಕಂಡವನಿಗೆ ಈ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ. ಇಡೀ ಒಂದು ಸಮುದ್ರ, ಲಕ್ಷಾಂತರ ವರ್ಷ, ಯಾರ ಬೆರಗಿಗೂ ಪಾತ್ರವಾಗದೆ ಕಳೆದುಹೋಗಿದೆ. ಅದರ ಮೇಲೆ ನಾವು ಊಟಕ್ಕೆ ಕೂಡುತ್ತೇವೆ.

ಆ ಕಲ್ಲು ಸುಣ್ಣವೇ ಎಂಬುದಕ್ಕೆ ಮನೆಯಲ್ಲೇ ಸಾಕ್ಷಿಯಿದೆ. ಫರ್ಸಿಯ ಮೇಲೆ ನಿಂಬೆರಸ ಬಿದ್ದರೆ ತಕ್ಷಣ ಒರೆಸು ಎಂದು ಅವ್ವಂದಿರು ಕೂಗುವುದು ಏಕೆ? ಬಿಟ್ಟರೆ ಅಲ್ಲಿ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ಒಡೆದ ಚೂರಿನ ಪುಡಿಯ ಮೇಲೆ ಹಿಂಡಿ ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಕಲ್ಲಾಗಿ ಕೂತ ಸುಣ್ಣ ಹುಳಿ ತಾಗಿದೊಡನೆ ಗಾಳಿ ಬಿಡುತ್ತದೆ. ನೇತ್ರಾಣಿಯ ಹವಳದ ಚೂರಿಗೂ ಇದೇ ಗುಣ, ವಸ್ತು ಒಂದೇ. ಅಲ್ಲಿ ಅದನ್ನು ಕಟ್ಟಿದ್ದು ಅಕ್ಕಿಕಾಳಿನಷ್ಟು ಪುಟ್ಟ ಜೀವಗಳು. ಇಲ್ಲಿ ಕಟ್ಟುವವರೇ ಇರಲಿಲ್ಲ.

ಈ ಕಲ್ಲನ್ನು ಮೊದಲು ಕೈಗೆತ್ತಿಕೊಂಡು ನೋಡಿದವರು ಯಾರಿರಬಹುದು? ಹುಣಸಗಿ ಕಡೆಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಅಗೆದು ತೆಗೆದ ಜಾಗದಲ್ಲಿ ಆದಿಮಾನವರು ಇದೇ ಭೀಮಾ ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡಿದ್ದರು. ಅದು ಸುಮಾರು 12 ಲಕ್ಷ ವರ್ಷದ ಹಿಂದಿನದಿರಬಹುದು ಎಂಬುದು ಲೆಕ್ಕ. ಆಮೇಲೆ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಕಟ್ಟಿದವರು ಬಂದರು. ಅಲ್ಲಿ ಸುಣ್ಣಕಲ್ಲಿನ ಹಾಸಿನ ಮೇಲೆ ರಾಣಿಯರೊಡನೆ ನಿಂತ ಅರಸನ ಚಿತ್ರವಿದೆ, ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಕೆತ್ತಿದೆ. ಅಶೋಕನ ಮುಖ ಹೆಸರಿನೊಡನೆ ಸಿಕ್ಕಿದ್ದು ಕಣ್ಣಿಲ್ಲದ ಕಾಲದ ಕಡಲ ಕೆಸರಿನಲ್ಲಿ. ಆ ಶಿಲ್ಪಿಯೂ ಪದರು ಬಿಡುವ ಜಾಗವನ್ನು ಕಿವಿಗೊಟ್ಟೇ ಹುಡುಕಿದ್ದಿರಬೇಕು.

ಶಹಾಬಾದಿನಿಂದ ಉತ್ತರಕ್ಕೆ, ಕಲಬುರಗಿ ದಾಟಿ ಕಮಲಾಪುರದ ಕಡೆ ಹೊರಟರೆ ಸುಣ್ಣಕಲ್ಲು ಮರೆಯಾಗುತ್ತದೆ. ಅದರ ಮೇಲೆ ಕಪ್ಪು ಕಲ್ಲು ಹರಡಿಕೊಂಡಿದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಹರಿದ ಲಾವಾ ಅದು. ಅದು ಸವೆದು ಆದ ಮಣ್ಣಿನಲ್ಲೇ ನಮ್ಮ ತೊಗರಿ ಬೆಳೆಯುವುದು, ಕೆಂಪು ಬಾಳೆ ತೂಗುವುದು. ಇಲ್ಲಿಗೂ ಹವಳಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ರಕ್ತಸಂಬಂಧದಷ್ಟೇ ಹತ್ತಿರದ್ದು.

ಆ ಲಾವಾ ಬಂದದ್ದು ಭೂಮಿಯ ಒಡಲಿನಲ್ಲಿ ಒಂದೇ ಕಡೆ ನಿಂತು ಉರಿಯುವ ಬಿಸಿಚಿಲುಮೆಯಿಂದ. ಭಾರತದ ನೆಲ ಅದರ ಮೇಲೆ ಹಾದು ಉತ್ತರಕ್ಕೆ ಸರಿಯುತ್ತ ಬಂತು. ಮೊದಲು ದಖ್ಖನ್ ತುಂಬ ಕಪ್ಪು ಕಲ್ಲು ಹರಿಯಿತು. ಆಮೇಲೆ ಅದೇ ಚಿಲುಮೆ ಸಮುದ್ರದೊಳಗೆ ಸಾಲು ಬೆಟ್ಟಗಳನ್ನು ಎಬ್ಬಿಸುತ್ತ ಹೋಯಿತು: ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್, ಮಾರಿಷಸ್. ಈಗ ಅದು ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿಯ ಅಗ್ನಿಪರ್ವತ ಇಂದಿಗೂ ಉಗುಳುತ್ತದೆ. ಬೆಟ್ಟಗಳು ನೀರಿನಲ್ಲಿ ಕುಸಿಯುತ್ತ ಹೋದಂತೆ ಹವಳ ಅವುಗಳ ಮೇಲೆ ಬೆಳೆಯುತ್ತ ಹೋಯಿತು. ಹವಳದ ಉಂಗುರದ್ವೀಪಗಳು ಹೀಗೇ ಆಗಿರಬೇಕೆಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಬರೆದಿದ್ದ. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ದ್ವೀಪದಲ್ಲಿ ಕೊರೆದು ನೋಡಿದಾಗ ಸಾವಿರದ ಮುನ್ನೂರು, ನಾನೂರು ಮೀಟರ್ ಹವಳದ ಸುಣ್ಣದ ಕೆಳಗೆ ಕಪ್ಪು ಲಾವಾ ಕಲ್ಲೇ ಸಿಕ್ಕಿತು. 1987ರಲ್ಲಿ ಮಾಲ್ಡೀವ್ಸ್ ಬಳಿ ಕಡಲ ತಳ ಕೊರೆದಾಗಲೂ ಅದೇ ಕಥೆ. ಕಮಲಾಪುರದ ಹೊಲದ ಬದುವಿಗೆ ಒಟ್ಟಿದ ಕಪ್ಪು ಗುಂಡುಕಲ್ಲಿನ ತಮ್ಮಂದಿರು ಲಕ್ಷದ್ವೀಪದ ಹವಳವನ್ನು ಹೊತ್ತು ನಿಂತಿದ್ದಾರೆ.

ಆ ದ್ವೀಪಗಳಲ್ಲಿ ಕಡಮತ್ ಎಂಬುದು ಸ್ಕೂಬಾ ಕಲಿಯುವವರಿಗೆ ಪರಿಚಿತ ಹೆಸರು. ಕನ್ನಡ ನಾಡಿಗೆ ಅದು ಅಷ್ಟು ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶಕ್ಕೆ ಸೇರುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅಲ್ಲಿಯ ಹುರಿನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

ಹವಳಕ್ಕೂ ಕಣ್ಣಿಲ್ಲ. ಶಹಾಬಾದಿನ ಖಣಿಯಿಂದ ಬಂದ ಮೇಲೆ ಇದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಆದರೂ ಅದಕ್ಕೆ ಬೆಳಕು ತಿಳಿಯುತ್ತದೆ. ವರ್ಷದ ನಿರ್ದಿಷ್ಟ ಹುಣ್ಣಿಮೆಯ ಆಚೀಚಿನ ರಾತ್ರಿಗಳಲ್ಲಿ ಒಂದೇ ಜಾತಿಯ ಸಾವಿರಾರು ಹವಳಗಳು ಒಟ್ಟಿಗೆ ತಮ್ಮ ಬೀಜವನ್ನು ನೀರಿಗೆ ಬಿಡುತ್ತವೆ. ಆಸ್ಟ್ರೇಲಿಯಾದ ಹವಳಸಾಲಿನಲ್ಲಿ ಇದನ್ನು ಗುರುತಿಸಿದ್ದು 1980ರ ದಶಕದಲ್ಲಿ. ಚಂದ್ರನ ಮಸುಕು ನೀಲಿ ಬೆಳಕನ್ನು ಅರಿಯುವ ಅಣುಗಳು ಹವಳದಲ್ಲಿವೆ ಎಂದು 2007ರಲ್ಲಿ ತಿಳಿಯಿತು. ನೋಡುವುದಕ್ಕೂ ನೋಡದಿರುವುದಕ್ಕೂ ನಡುವೆ ಇಂಥದೊಂದು ಮೂರನೆಯ ಸ್ಥಿತಿ ಇದೆ ಎಂದು ನಾನು ಎಂದೂ ಎಣಿಸಿರಲಿಲ್ಲ. ಕಣ್ಣಿಲ್ಲದ ಕಾಲದ ಸಮುದ್ರದ ಸೂಕ್ಷ್ಮಜೀವಿಗಳೂ ಬಿಸಿಲಿನ ಕಡೆ ಸರಿದಿದ್ದಾವು. ಹಾಗಿದ್ದರೆ ಆ ಕಡಲನ್ನು ‘ಯಾರೂ ಕಾಣಲಿಲ್ಲ’ ಎಂದು ಅಷ್ಟು ಖಚಿತವಾಗಿ ಹೇಳುವುದೂ ಕಷ್ಟ.

ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ಬಂದರೂ ನಾವು ಫರ್ಸಿಗೆ ನೀರು ಚಿಮುಕಿಸಿ ಮಲಗಿಬಿಡುತ್ತೇವೆ. ಹವಳಕ್ಕೆ ಆ ಅನುಕೂಲವಿಲ್ಲ. ಬೇಸಿಗೆಯ ವಾಡಿಕೆಯ ಶಾಖಕ್ಕಿಂತ ಸಮುದ್ರ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಸಾಕು, ತನ್ನ ಮೈಯಲ್ಲಿ ಇಟ್ಟುಕೊಂಡು ಅನ್ನ ಪಡೆಯುತ್ತಿದ್ದ ಪಾಚಿಯನ್ನು ಅದು ಹೊರಹಾಕಿ ಬೆಳ್ಳಗಾಗುತ್ತದೆ. ಬೆಳ್ಳಗಾದದ್ದೆಲ್ಲ ಸತ್ತಿರುವುದಿಲ್ಲ, ಬಿಸಿ ಇಳಿದರೆ ಪಾಚಿ ಮರಳುತ್ತದೆ, ಹವಳ ಮತ್ತೆ ಕಟ್ಟತೊಡಗುತ್ತದೆ. ಬೇಕಾದದ್ದು ಬಿಡುವು. ಲಕ್ಷದ್ವೀಪದಲ್ಲಿ 1998ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಹನ್ನೆರಡು ವರ್ಷದ ಮೇಲೆ 2010ರಲ್ಲಿ ಮತ್ತೆ, ಆರು ವರ್ಷಕ್ಕೆ 2016ರಲ್ಲಿ ಮತ್ತೆ, 2024ರಲ್ಲಿ ಇನ್ನೊಮ್ಮೆ. ಈ ನಡುವೆ ಅಲ್ಲಿಯ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ. ನನಗೆ ಇದು ದೂರದ ಸುದ್ದಿಯಾಗಿ ಕೇಳಿಸುವುದಿಲ್ಲ. ಕಮಲಾಪುರದ ಕಲ್ಲಿನ ಮೇಲೆಯೇ ನಡೆಯುತ್ತಿರುವ ನಷ್ಟವಿದು. ಕಡಮತ್‌ಗೆ ಹೋಗಲು ಪರವಾನಗಿ ಬೇಕು. ಈ ಚಳಿಗಾಲಕ್ಕೆಂದು ಅರ್ಜಿ ಹಾಕಿದ್ದೇನೆ.