ಬಲವುಳ್ಳವರ ಬಾಗಿಲು



ಉತ್ತರ ಕರ್ನಾಟಕದ ನಮ್ಮ ನಾಡಿಗೆ ದೇಹಸಾಧನೆ ಹೊಸದಲ್ಲ. ಕೆಮ್ಮಣ್ಣಿನ ಗರಡಿಮನೆ, ಜಾತ್ರೆಯ ಕುಸ್ತಿ, ಸಂಗ್ರಾಣಿ ಕಲ್ಲೆತ್ತುವ ಪಂದ್ಯ ಇವೆಲ್ಲ ಹಿರಿಯರ ಕಾಲದಿಂದ ಬಂದವು. ಇಂದು ಬಾಗಲಕೋಟೆಯಂಥ ಊರುಗಳಲ್ಲಿ ಕನ್ನಡಿಯ ಗೋಡೆಗಳ, ಕಬ್ಬಿಣದ ತೂಕಗಳ ಜಿಮ್ಮುಗಳೂ ತೆರೆದಿವೆ. ಅವುಗಳ ಹೊಸ್ತಿಲನ್ನು ಮೊದಲ ಬಾರಿ ದಾಟುವವರನ್ನು ಸ್ವಲ್ಪ ನೆನೆಯಿರಿ. ಸಕ್ಕರೆ ಕಾಯಿಲೆಗೆ ಹೆದರಿ ಬಂದ ಐವತ್ತರ ಗೃಹಸ್ಥರು, ಇಳಕಲ್ಲಿನ ಕುಣಿಮಗ್ಗದಲ್ಲಿ ದಿನವಿಡೀ ಕುಳಿತು ಬೆನ್ನುನೋವು ತಂದುಕೊಂಡ ನೇಕಾರ, ತನ್ನ ಸಣಕಲು ತೋಳಿಗೆ ತಾನೇ ನಾಚುವ ಹುಡುಗ, ನಾಲ್ಕು ಜನರ ಮಾತಿಗೆ ಅಂಜಿಯೂ ಬಂದ ಗೃಹಿಣಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯನ್ನೂ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಇದರ ಅಗತ್ಯ ಹೆಚ್ಚಾಗಿರುವವರೇ ಹೆಚ್ಚು ಅಂಜಿಕೆಯಿಂದ ಬರುವವರು. ಮೂರನೆಯ ದಿನಕ್ಕೆ ಅವರು ಕಾಣೆಯಾದರೆ, “ಛಲವಿಲ್ಲದವರು” ಎಂದು ನಾವು ಸುಲಭವಾಗಿ ತೀರ್ಪು ಕೊಡುತ್ತೇವೆ.

“ನಾನು ಯಾರನ್ನೂ ಹೀಯಾಳಿಸಲಿಲ್ಲವಲ್ಲ” ಎಂದು ಅಲ್ಲಿನ ಬಲಶಾಲಿ ಹೇಳಬಹುದು. ಅಷ್ಟು ಸಾಕೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮುಜುಗರವೆನಿಸುವ ಚಿತ್ರವುಳ್ಳ ಅಂಗಿಯನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಯೊಳಗೆ ಕಳುಹಿಸಲಾಯಿತು. ಸುಮಾರು ಅರ್ಧದಷ್ಟು ಜನ ತಮ್ಮ ಅಂಗಿಯನ್ನು ಗಮನಿಸಿದರೆಂದು ತೊಟ್ಟವರು ಎಣಿಸಿದ್ದರು. ನಿಜವಾಗಿ ಗಮನಿಸಿದವರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಹೊಸಬರಿಗೆ ಇದು ಸಮಾಧಾನದ ಸುದ್ದಿ. ಹಳಬರಿಗೆ ಮಾತ್ರ ಇದೊಂದು ಎಚ್ಚರಿಕೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ನಡುಗುವವನನ್ನು ನಿಜಕ್ಕೂ ಯಾರೂ ಕಂಡಿರುವುದಿಲ್ಲ. ಅವನನ್ನು ಹಿಂದಕ್ಕೆ ಕಳುಹಿಸಲು ನಿಂದೆಯೇ ಬೇಕಿಲ್ಲ, ನಮ್ಮ ಉದಾಸೀನವೇ ಸಾಕು.

ಹಾಗೆಂದು ಕೇಳದ ಉಪದೇಶವನ್ನು ಸುರಿಯುವುದೂ ಸ್ವಾಗತವಲ್ಲ. ಹತ್ತು ಜನರೆದುರು ತಿದ್ದಿಸಿಕೊಳ್ಳುವುದು ಅವಮಾನವೇ. ಬಾದಾಮಿಯ ಮರಳುಗಲ್ಲಿನ ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಏರುವವರನ್ನು ನೀವು ನೋಡಿರಬಹುದು. ಏರುವವನ ಹಗ್ಗವನ್ನು ಕೆಳಗೊಬ್ಬ ಹಿಡಿದಿರುತ್ತಾನೆ. ಅವನು ಇವನ ಬದಲು ಏರುವುದಿಲ್ಲ, ಮೇಲಕ್ಕೆ ಎಳೆಯುವುದೂ ಇಲ್ಲ. ಕಾಲು ಜಾರಿದಾಗ ಹಗ್ಗವನ್ನು ಬಿಗಿಹಿಡಿಯುತ್ತಾನೆ. ಸ್ವಾಗತವೆಂದರೆ ಇಂಥದೇ ಎಚ್ಚರ. ಹೆಸರು ಕೇಳುವುದು, ಯಂತ್ರವನ್ನು ಸರದಿಯಂತೆ ಬಿಟ್ಟುಕೊಡುವುದು, ಹಗುರ ತೂಕ ಎತ್ತುವವರ ಕಡೆಗೆ ಮೊಬೈಲ್ ಕ್ಯಾಮೆರಾ ತಿರುಗಿಸದಿರುವುದು. ಮೊದಲ ವ್ಯಾಯಾಮದ ಮೈನೋವು ಒಂದೆರಡು ದಿನಗಳ ನಂತರ ಹೆಚ್ಚಿ, ಸಾಮಾನ್ಯವಾಗಿ ತಾನೇ ಇಳಿಯುತ್ತದೆಂದು ಮುಂಚೆಯೇ ತಿಳಿಸುವುದು. ಈ ಒಂದು ಮಾತು ತಿಳಿಯದೆ, ತನ್ನ ದೇಹ ಇದಕ್ಕೆ ತಕ್ಕುದಲ್ಲವೆಂದು ಭಾವಿಸಿ ಮನೆಯಲ್ಲೇ ಉಳಿದವರಿಲ್ಲವೇ?

ಗರಡಿಮನೆಯಲ್ಲಿ ಪಳಗಿದ ಪೈಲ್ವಾನನೂ ಮಣ್ಣು ಹದಮಾಡುತ್ತಿದ್ದ, ನಿನ್ನೆ ಬಂದ ಹುಡುಗನೂ ಮಾಡುತ್ತಿದ್ದ. ಕೂಡಿ ಮಾಡಿದ ಆ ಕೆಲಸವೇ ಹೊಸಬನನ್ನು ಒಳಗಿನವನನ್ನಾಗಿಸುತ್ತಿತ್ತು. ಆದರೆ ಹಳೆಯದನ್ನು ಹೊಗಳುವಾಗ ಅದರ ಹೊಸ್ತಿಲಾಚೆ ಉಳಿದವರನ್ನು ಮರೆಯಬಾರದು. ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ತೆರೆದಿರಲಿಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಹನ್ನೆರಡನೆಯ ಶತಮಾನದ ಬಸವಣ್ಣನವರ ಐಕ್ಯಸ್ಥಳವಿದೆ. ಬಂದವರನ್ನು ಪರಕೀಯರೆಂದು ಎಣಿಸಬಾರದೆಂದು ಸಾರಿದ ಅವರ ನೆನಪನ್ನು ಉಳಿಸಿಕೊಂಡಿರುವ ನಾಡಿಗೆ ಈ ಪಾಠ ಹೊರಗಿನಿಂದ ಬರಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೆ ಬಂದ ಕುಟುಂಬಗಳಿಗೂ ಇದು ಗೊತ್ತು. ಹೊಸ ಬೀದಿಯಲ್ಲಿ ಮೊದಲು ಮಾತನಾಡಿಸಿದವರನ್ನು ಮನುಷ್ಯ ಸುಲಭವಾಗಿ ಮರೆಯುವುದಿಲ್ಲ.

ಬಲವೆಂಬುದು ಎತ್ತಿದ ಭಾರದಿಂದಷ್ಟೇ ಅಳೆಯತಕ್ಕದ್ದಲ್ಲ. ನಮ್ಮ ಪಕ್ಕದಲ್ಲಿ ದುರ್ಬಲನೊಬ್ಬ ನಾಚಿಕೆಯಿಲ್ಲದೆ ನಿಲ್ಲಬಲ್ಲನೇ ಎಂಬುದೂ ಅದರ ಅಳತೆ. ಪಾಲಕರೇ, ನಿಮ್ಮ ಮಗನೋ ಮಗಳೋ ಜಿಮ್ಮಿನಿಂದ ಮರಳಿದಾಗ ಇಂದು ಎಷ್ಟು ಕಿಲೋ ಎತ್ತಿದೆ ಎಂದು ಕೇಳುತ್ತೀರಿ. ಜೊತೆಗೆ ಇನ್ನೊಂದನ್ನೂ ಕೇಳಿ: “ಇಂದು ಹೊಸಬರು ಯಾರಾದರೂ ಬಂದಿದ್ದರೇ? ಅವರ ಹೆಸರೇನು?”